ಅಮ್ಮನಿಗೆ ಹೇಳಿದ ಸುಳ್ಳು

ಮಗ ಹಾಸ್ಟೆಲಿಗೆ ಹೋಗುವಾಗ ಬಿಟ್ಟುಹೋದ ಕ್ಯಾಸೆಟ್ಟುಗಳಲ್ಲಿ ಒಂದನ್ನು, ವರ್ಷಗಳ ಹಿಂದೆ ಒಂದು ಮಧ್ಯಾಹ್ನ, ಅಕ್ಕಿ ಆರಿಸುತ್ತಾ ಹಾಕಿದ್ದೆ. ಗಿಟಾರಿನ ಅಬ್ಬರಕ್ಕೆ ಬೆಚ್ಚಿ ಮೊರದ ಅಕ್ಕಿ ಅರ್ಧ ನೆಲದ ಪಾಲಾಯಿತು. ಅದು ಅಳುತ್ತಿದೆಯೋ, ಜಗಳವಾಡುತ್ತಿದೆಯೋ ತಿಳಿಯಲಿಲ್ಲ. ನಿಲ್ಲಿಸಲೆಂದು ಎದ್ದವಳು ಹಾಡುವವನ ದನಿ ಕೇಳಿ ಹಾಗೇ ನಿಂತುಬಿಟ್ಟೆ.

ಹೆಸರು ಬಡ್ಡಿ ಗೈ. "ಸಾಲದ ಬಡ್ಡಿಯೇನೋ?" ಎಂದು ಫೋನಿನಲ್ಲಿ ಕೇಳಿದ್ದಕ್ಕೆ ಮಗ ಬಿದ್ದು ಬಿದ್ದು ನಕ್ಕ.

ಆಮೇಲೆ ಈತನ ಕಥೆಯನ್ನು ಓದಿಕೊಂಡೆ. 1936ರಲ್ಲಿ ಅಮೆರಿಕದ ಲೂಸಿಯಾನಾದ ಲೆಟ್ಸ್‌ವರ್ತ್‌ನಲ್ಲಿ ಹುಟ್ಟಿದವನು. ಬೇರೆಯವರ ಹೊಲವನ್ನು ಪಾಲಿಗೆ ಮಾಡುತ್ತಿದ್ದ ಕಪ್ಪು ಜನರ ಮನೆ. ಈತನೂ ಹತ್ತಿ ಬಿಡಿಸಿದವನೇ. ಕಿಟಕಿಯ ಸೊಳ್ಳೆಜಾಲರಿಯ ತಂತಿ ಕಿತ್ತು ವಾದ್ಯ ಮಾಡಿಕೊಂಡಿದ್ದನಂತೆ. 1957ರಲ್ಲಿ, ಇಪ್ಪತ್ತೊಂದನೆಯ ವಯಸ್ಸಿನಲ್ಲಿ, ಶಿಕಾಗೋಗೆ ಹೊರಟ. ಪಾರ್ಶ್ವವಾಯು ಬಡಿದಿದ್ದ ತಾಯಿಗೆ, ದುಡಿದು ನಿನಗೊಂದು ಚುಕ್ಕೆ ಚುಕ್ಕೆಯ ಕ್ಯಾಡಿಲಾಕ್ ಕಾರು ತರುತ್ತೇನೆ ಎಂದು ಮಾತು ಕೊಟ್ಟ. ಸುಳ್ಳೆಂದು ಅವನಿಗೇ ಗೊತ್ತಿತ್ತು.

ಶಿಕಾಗೋದ ಚೆಸ್ ಕಂಪೆನಿ ಅವನನ್ನು ಹೆಚ್ಚಾಗಿ ಬೇರೆಯವರ ಹಾಡಿಗೆ ಗಿಟಾರು ನುಡಿಸಲು ಕರೆಯುತ್ತಿತ್ತು. ವೇದಿಕೆಯ ಮೇಲೆ ನುಡಿಸಿದ ಹಾಗೆ ಇಲ್ಲೂ ನುಡಿಸಿದರೆ ಮಾಲೀಕ ಲಿಯೊನಾರ್ಡ್ ಚೆಸ್‌ಗೆ ಅದು ಬರೀ ಗದ್ದಲ. 1964ರಲ್ಲಿ ಬಂದ ಮಡ್ಡಿ ವಾಟರ್ಸ್‌ನ 'ಫೋಕ್ ಸಿಂಗರ್' ಕೇಳಿ ನೋಡಿ: ಹಿರಿಯರ ಮುಂದೆ ಸೊಸೆ ಮಾತಾಡಿದಷ್ಟು ಮೆಲ್ಲಗೆ ನುಡಿಸಿದ್ದಾನೆ. ಮರುವರ್ಷ ಜೂನಿಯರ್ ವೆಲ್ಸ್‌ನ 'ಹೂಡೂ ಮ್ಯಾನ್ ಬ್ಲೂಸ್'ನಲ್ಲಿ, ಚೆಸ್‌ನ ಕರಾರಿಗೆ ಹೆದರಿ, ಹೆಸರನ್ನೇ 'ಫ್ರೆಂಡ್ಲಿ ಚ್ಯಾಪ್' ಎಂದು ಮರೆಸಿ ಅಚ್ಚು ಹಾಕಿದರು.

ತನ್ನದೇ ದನಿಯಲ್ಲಿ ಕೂಗಿ ಜಗತ್ತಿಗೆಲ್ಲ ಕೇಳಿಸಿದ್ದು 1991ರಲ್ಲಿ, 'ಡ್ಯಾಮ್ ರೈಟ್, ಐವ್ ಗಾಟ್ ದ ಬ್ಲೂಸ್' ಬಂದಾಗ. ನನ್ನ ಅಕ್ಕಿ ಚೆಲ್ಲಿದ್ದು ಅದೇ. ಆ ಹೊತ್ತಿಗೆ ಅವನಿಗೆ ಐವತ್ತೈದು. ನಮ್ಮಲ್ಲಾದರೆ ಪೆನ್ಷನ್ನಿನ ಕಾಗದಪತ್ರ ಹುಡುಕುವ ವಯಸ್ಸು. ಅದಕ್ಕೆ ಗ್ರ್ಯಾಮಿ ಪ್ರಶಸ್ತಿಯೂ ಬಂತು.

ಕಛೇರಿಯ ವಿಡಿಯೊ ನೋಡಿದರೆ ಇನ್ನೂ ಸೋಜಿಗ. ಗಿಟಾರನ್ನು ಬೆನ್ನ ಹಿಂದೆ ಹಿಡಿದು ನುಡಿಸುತ್ತಾನೆ, ಹಲ್ಲಿನಲ್ಲೂ ನುಡಿಸುತ್ತಾನೆ. ನುಡಿಸುತ್ತಲೇ ವೇದಿಕೆಯಿಂದಿಳಿದು ಜನರ ನಡುವೆ ನಡೆದುಬಿಡುತ್ತಾನೆ. ಗಿಟಾರಿನ ಮೇಲೆ, ಅಂಗಿಯ ಮೇಲೆ, ಎಲ್ಲೆಲ್ಲೂ ಬಿಳಿ ಚುಕ್ಕೆಗಳು. ಮೊದಲು ವಿದೂಷಕನ ವೇಷವೆಂದುಕೊಂಡಿದ್ದೆ. ತಾಯಿ 1968ರಲ್ಲಿ ತೀರಿಕೊಂಡಳು. ಕಾರು ಬರಲೇ ಇಲ್ಲ. ಆ ಕಾರಿನ ಚುಕ್ಕೆಗಳನ್ನೇ ಇವನು ಮೈಮೇಲೆ ಹೊತ್ತು ತಿರುಗುತ್ತಿದ್ದಾನೆಂದು ತಿಳಿದ ದಿನ, ನನಗೆ ಒಲೆಯ ಮುಂದೆ ಕೂರಲಾಗಲಿಲ್ಲ.

ಏಕೆಂದರೆ ನಾನೂ ಒಂದು ಸುಳ್ಳು ಹೇಳಿದ್ದೆ. ನಮ್ಮಮ್ಮ ಚಿತ್ರದುರ್ಗದ ಕಡೆಯವಳು. ಕೆರೆ ಬಿಟ್ಟರೆ ದೊಡ್ಡ ನೀರು ಕಂಡವಳಲ್ಲ. ಮದುವೆಯಾಗಿ ಹೊರಟಾಗ, "ಅಳಬೇಡಮ್ಮ, ಗೋಕರ್ಣಕ್ಕೆ ಕರಕೊಂಡು ಹೋಗಿ ಸಮುದ್ರ ತೋರಿಸ್ತೀನಿ" ಅಂದಿದ್ದೆ. "ಆಗಲಿ ಮಗಳೇ" ಅಂದಳು. ಆಮೇಲೆ ಬಾಣಂತನ, ಮಕ್ಕಳ ಪರೀಕ್ಷೆ, ಇವರ ವರ್ಗಾವಣೆ. ಅಮ್ಮ ಒಮ್ಮೆಯೂ ಕೇಳಲಿಲ್ಲ. ಕೇಳದೆಯೇ ಹೋದಳು.

2025ರಲ್ಲಿ, ಎಂಬತ್ತೊಂಬತ್ತು ತುಂಬಿದ ದಿನ, ಬಡ್ಡಿ ಗೈ ಇನ್ನೊಂದು ಆಲ್ಬಮ್ ತಂದ. ಮಗ ಫೋನಿಗೆ ಹಾಕಿಕೊಟ್ಟಿದ್ದಾನೆ. ಅಕ್ಕಿ ಆರಿಸುತ್ತಾ ಕೇಳುತ್ತೇನೆ. ಅಸಲು ತೀರಿಸಲು ಅಮ್ಮಂದಿರಿಲ್ಲ. ಅವನಾದರೂ ಬಡ್ಡಿ ಕಟ್ಟುತ್ತಲೇ ಇದ್ದಾನೆ.