ಉಳಿದ ಎರಡು ಕೋರೆಹಲ್ಲು

ನಮ್ಮ ಸೋದರತ್ತೆಯ ಹಲ್ಲಿನ ಪಂಚಾಯ್ತಿ ನಡೆದದ್ದು ಅಡಿಕೆ ಸುಲಿಯುವ ಕಾಲದಲ್ಲಿ. ಸಾಗರದ ಕಡೆ ಕೊನೆಕೊಯ್ಲು ಶುರುವಾದರೆ ಮನೆಯವರು, ನೆಂಟರು, ಆಳುಗಳು ಎಲ್ಲ ರಾತ್ರಿ ಹೊತ್ತು ಮೆಟ್ಟುಗತ್ತಿ ಹಿಡಿದು ಕೂರುತ್ತಾರೆ. ಪಕ್ಕದಲ್ಲಿ ಹಂಡೆ ಕುದಿಯುತ್ತಿರುತ್ತದೆ. ಊರಿನ ಯಾವ ವಿಷಯವೂ ಅಲ್ಲಿ ಬಾರದೆ ಇರುವುದಿಲ್ಲ.

ಅತ್ತೆ ಮೇಲಿನ ದವಡೆಗೆ ಹಲ್ಲಿನ ಸೆಟ್ಟು ಹಾಕಿಸಿಕೊಂಡು ಬಹಳ ಕಾಲವಾಗಿತ್ತು. ಅದು ಅಂಗುಳಕ್ಕೆ ಕಚ್ಚಿಕೊಂಡು ಚೆನ್ನಾಗಿಯೇ ಕೂತಿತ್ತು. ತೊಂದರೆಯೆಲ್ಲ ಕೆಳಗಿನದು. ಅಲ್ಲಿ ಉಳಿದಿದ್ದದ್ದು ಎರಡು ಕೋರೆಹಲ್ಲು, ಆಚೆಗೊಂದು ಈಚೆಗೊಂದು. ವರ್ಷವರ್ಷವೂ ನಮಗೆಲ್ಲ ಜಾಡಿಗಟ್ಟಲೆ ಅಪ್ಪೆಮಿಡಿ ಹಾಕಿಕೊಡುತ್ತಿದ್ದವಳು ತಾನು ಮಾತ್ರ ಅದರ ರಸವನ್ನಷ್ಟೇ ಅನ್ನಕ್ಕೆ ಕಲಸಿಕೊಂಡು ಉಣ್ಣುವುದನ್ನು ನೋಡಿದರೆ ಹೊಟ್ಟೆಯಲ್ಲಿ ಸಂಕಟವಾಗುತ್ತಿತ್ತು.

"ಆ ಎರಡನ್ನೂ ಕೀಳಿಸಿ ಪೂರ್ತಿ ಸೆಟ್ಟು ಮಾಡಿಸಿಬಿಡು ತಂಗಿ" ಎಂದರು ದೊಡ್ಡಪ್ಪ. ಬೆಂಗಳೂರಿನಿಂದ ಬಂದಿದ್ದ ಅತ್ತೆಯ ಮಗ ಒಪ್ಪಲಿಲ್ಲ. ಅವನ ತಲೆಯಲ್ಲಿದ್ದದ್ದು ದವಡೆಯ ಎಲುಬಿಗೇ ತಿರುಪು ಕೂರಿಸಿ ಹಲ್ಲು ಕಟ್ಟುವ ಇಂಪ್ಲಾಂಟು. ಸ್ವೀಡನ್ನಿನ ಬ್ರೋನೆಮಾರ್ಕ್ ಎಂಬವರು 1952ರಲ್ಲಿ ಮೊಲದ ಕಾಲಿನ ಎಲುಬಿಗೆ ಟೈಟಾನಿಯಂ ಬೆಸೆದುಕೊಂಡದ್ದನ್ನು ಕಂಡ ಕಥೆ ಹೇಳಿದ. 1965ರಲ್ಲಿ ಅವರ ಕೈಯಲ್ಲಿ ಹಾಕಿಸಿಕೊಂಡ ಮೊದಲ ರೋಗಿ 2006ರಲ್ಲಿ ತೀರಿಕೊಳ್ಳುವವರೆಗೂ ಆ ಹಲ್ಲಿನಲ್ಲೇ ಉಂಡನಂತೆ. ದುಡ್ಡು ನಾನು ಕೊಡುತ್ತೇನೆ ಎಂದ. ಅತ್ತೆ, "ಎಲುಬು ಕೊರೆಸಿಕೊಳ್ಳುವುದು ನನ್ನ ಕೈಲಾಗದು ಮಾಣಿ" ಎಂದು ಅಡಿಕೆ ಸುಲಿಯುತ್ತಲೇ ಇದ್ದಳು. ಇರುವ ಹಲ್ಲಿಗೆ ಆನಿಸಿ ಕಟ್ಟುವ ಬ್ರಿಡ್ಜ್ ಆಗಬಹುದು ಎಂದೂ ಯಾರೋ ಅಂದರು.

ಕೊನೆಗೆ ಅತ್ತೆಯನ್ನು ಶಿವಮೊಗ್ಗದ ಹಲ್ಲಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದವನು ನಾನು. ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಎಕ್ಸ್‌ರೇ ನೋಡಿ, ಆ ಎರಡು ಕೋರೆಹಲ್ಲನ್ನು ಹಿಡಿದು ಅಲ್ಲಾಡಿಸಿದರು. ಅಲ್ಲಾಡಲಿಲ್ಲ. ಎರಡೇ ಹಲ್ಲಿನ ಮೇಲೆ ಅಷ್ಟುದ್ದದ ಬ್ರಿಡ್ಜ್ ನಿಲ್ಲುವುದಿಲ್ಲ ಎಂದು ಅದನ್ನು ಅಲ್ಲಿಗೇ ಬಿಟ್ಟರು. ಇಂಪ್ಲಾಂಟು ಆಗುತ್ತದೆ, ಆದರೆ ಮೊದಲು ಸಕ್ಕರೆ ಕಾಯಿಲೆ ಹತೋಟಿಗೆ ಬರಬೇಕು. ಹಾಕಿದ ಮೇಲೂ ಎಲುಬು ಹಿಡಿಯಲು ತಿಂಗಳುಗಟ್ಟಲೆ ಕಾಯಬೇಕು. ಆಮೇಲೆ ಅವರು ಹೇಳಿದ ದಾರಿ ನಮ್ಮ ಜಗಲಿಯಲ್ಲಿ ಯಾರ ಬಾಯಲ್ಲೂ ಬಂದಿರಲಿಲ್ಲ: ಕೋರೆಹಲ್ಲಿಗೆ ರೂಟ್ ಕೆನಾಲ್ ಮಾಡಿ, ವಸಡಿನ ಮಟ್ಟಕ್ಕೆ ಮೊಟಕು ಮಾಡಿ, ಬೇರುಗಳನ್ನು ಹಾಗೇ ಬಿಟ್ಟು ಅವುಗಳ ಮೇಲೆ ಸೆಟ್ಟು ಕೂರಿಸುವುದು.

"ಮೊಟಕು ಮಾಡಿದ ಮೇಲೆ ಇದ್ದೇನು ಬಂತು?" ಎಂದಳು ಅತ್ತೆ.

"ಬೇರು ಇದ್ದರೆ ಎಲುಬು ಇರುತ್ತದೆ ಅಜ್ಜಿ. ಕಿತ್ತರೆ ಕೆಳದವಡೆ ಸವೆಯುತ್ತಾ ಹೋಗುತ್ತದೆ, ಸೆಟ್ಟು ನಾಲಗೆಯ ಜೊತೆ ಓಡಾಡಲು ಶುರುಮಾಡುತ್ತದೆ." 1978ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಲೆಕ್ಕವನ್ನೂ ನನಗೆ ಹೇಳಿದರು. ಕೋರೆಹಲ್ಲಿನ ಬೇರು ಉಳಿಸಿಕೊಂಡವರ ಕೆಳದವಡೆಯ ಮುಂಭಾಗ 5 ವರ್ಷದಲ್ಲಿ ಸವೆದದ್ದು ಸರಾಸರಿ 0.6 ಮಿಲಿಮೀಟರ್, ಎಲ್ಲ ಕೀಳಿಸಿದವರದು 5.2. ಅದನ್ನು ಕೇಳಿದ ಮೇಲೆ ನನಗೆ ಬೇರೆ ಮಾತೇ ಬೇಕಾಗಲಿಲ್ಲ. ಬಾಯಲ್ಲಿ ಏನು ಕೂರಿಸಬೇಕು ಎಂದು ನಾವೆಲ್ಲ ವಾದಿಸಿದ್ದೆವು, ಬಾಯಲ್ಲಿ ಏನು ಉಳಿದಿದೆ ಎಂದು ನೋಡಿದವರು ಇವರೊಬ್ಬರೇ.

ಹಾಗೆ ಬೇರುಗಳ ಮೇಲೆ ಕೂರಿಸಿದ ಹೊಸ ಸೆಟ್ಟು ಮೊದಮೊದಲು ವಸಡನ್ನು ಒತ್ತಿ ಹುಣ್ಣು ಮಾಡಿತು. ಉಜ್ಜಿ ಸರಿಮಾಡಿಕೊಟ್ಟರು. ರಾತ್ರಿ ತೆಗೆದು ನೀರಿನಲ್ಲಿಡಬೇಕು, ಮೋಟು ಬೇರುಗಳನ್ನು ದಿನಾ ಬ್ರಷ್ಷಿನಿಂದ ತಿಕ್ಕಬೇಕು, ಇಲ್ಲದಿದ್ದರೆ ಹುಳುಕು ಹತ್ತುತ್ತದೆ. ಅತ್ತೆ ದೇವರ ದೀಪದಷ್ಟೇ ನೇಮದಿಂದ ಅದನ್ನು ಮಾಡಿದಳು. ಕಚ್ಚಿದ್ದು ಗಟ್ಟಿಯೋ ಮೆತ್ತಗೋ ಬೇರಿಗೆ ತಿಳಿಯುತ್ತದೆ ಎನ್ನುತ್ತಿದ್ದಳು, ಅದು ನಿಜ ಕೂಡ. ಮಿಡಿಯನ್ನು ಹೋಳು ಮಾಡಿಕೊಂಡು ಅಗಿದು ತಿಂದಳು.

ವರ್ಷಗಳ ಮೇಲೆ ಎಡಗಡೆಯ ಬೇರು ಹುಳುಕಾಗಿ ತೆಗೆಸಬೇಕಾಯಿತು. ಆ ಜಾಗವನ್ನು ತುಂಬಿ ಅದೇ ಸೆಟ್ಟನ್ನು ಮುಂದುವರಿಸಿದರು. ಅಲ್ಲಿ ಎಲುಬು ಚೆನ್ನಾಗಿದೆ, ಬೇಕಾದರೆ ಇಂಪ್ಲಾಂಟು ಹಾಕಬಹುದು ಎಂದರು ಡಾಕ್ಟರು. ಈ ಸಲ ಅತ್ತೆ ಬೇಡವೆನ್ನಲಿಲ್ಲ. ಸಕ್ಕರೆ ಎಷ್ಟಕ್ಕೆ ಇಳಿಯಬೇಕು ಎಂದು ಕೇಳಿದಳು.