ಅಂಕಿ ಬೇರೆ, ಸಂಖ್ಯೆ ಬೇರೆ

ಅಂಕಿಗೂ ಸಂಖ್ಯೆಗೂ ಇರುವ ವ್ಯತ್ಯಾಸವನ್ನು ಒಂದೇ ವಾಕ್ಯದಲ್ಲಿ ಹೇಳಿ ಮುಂದೆ ಹೋಗುವುದು ರೂಢಿ. ಭಟ್ಕಳದ ಪ್ರೌಢಶಾಲೆಯೊಂದರಲ್ಲಿ ಬೋಧನಾಭ್ಯಾಸದ ವೇಳೆ ನಾನು ಅದಕ್ಕೆ ಇಡೀ ಒಂದು ಅವಧಿ ಕೊಟ್ಟೆ. ಕಾರಣ, ಜಾವಾಸ್ಕ್ರಿಪ್ಟ್.

ಲ್ಯಾಪ್‌ಟಾಪ್‌ನಲ್ಲಿ ಎರಡು ಚೌಕಗಳಿರುವ ಪುಟ್ಟ ವೆಬ್‌ಪುಟ ಮಾಡಿಕೊಂಡಿದ್ದೆ. ಎರಡು ಕಿರುಪರೀಕ್ಷೆಗಳ ಅಂಕ 18 ಮತ್ತು 17 ತುಂಬಿ ಕೂಡಿಸಿದರೆ ಬಂದದ್ದು 1817. ತರಗತಿ ಗೊಳ್ಳೆಂದು ನಕ್ಕಿತು. ಕಳೆದರೆ ಮಾತ್ರ ಸರಿಯಾಗಿ 1. ಚೌಕದಲ್ಲಿ ಬರೆದದ್ದನ್ನು ಪುಟವು ಅಕ್ಷರಗಳ ಸಾಲು ಎಂದೇ ತೆಗೆದುಕೊಳ್ಳುತ್ತದೆ. ಈ ಭಾಷೆಯಲ್ಲಿ + ಚಿಹ್ನೆಗೆ ಎರಡು ಕೆಲಸ: ಸಂಖ್ಯೆ ಕೂಡುವುದು, ಅಕ್ಷರ ಜೋಡಿಸುವುದು. − ಚಿಹ್ನೆಗೆ ಕಳೆಯುವುದೊಂದೇ ಕೆಲಸ. ಹಾಗಾಗಿ ಯಾರನ್ನೂ ಕೇಳದೆ ಅಕ್ಷರವನ್ನು ಸಂಖ್ಯೆ ಮಾಡಿಕೊಳ್ಳುತ್ತದೆ. 1995ರಲ್ಲಿ ಬ್ರೆಂಡನ್ ಐಕ್ ಇದರ ಮೊದಲ ರೂಪವನ್ನು ಹತ್ತೇ ದಿನಗಳಲ್ಲಿ ಬರೆದರಂತೆ. ಅವಸರ ಕಾಣುತ್ತದೆ!

ಆಮೇಲೆ ದೂರವಾಣಿಯ ಎಸ್‌ಟಿಡಿ ಕೋಡ್‌ಗಳನ್ನು ಹಲಗೆಯ ಮೇಲೆ ಬರೆದೆ: ಭಟ್ಕಳ 08385, ಕುಮಟಾ 08386, ಹೊನ್ನಾವರ 08387. 08385ರಲ್ಲಿ ಸೊನ್ನೆ ಕಳೆದರೆ? ಏನೂ ಬದಲಾಗದು ಎಂದರು. ಯಂತ್ರ 8385 ಎಂದಿತು. ಮುಂದಿನ ಸೊನ್ನೆ ಹಾರಿಹೋಗಿತ್ತು. ಹಿಂದಿನ ಬೆಂಚಿನ ಹುಡುಗ ಹೇಳಿದ, "ಅಪ್ಪ ದುಬೈನಿಂದ ಮನೆಗೆ ಫೋನ್ ಮಾಡುವಾಗ ಆ ಸೊನ್ನೆ ಹಾಕೂದೇ ಇಲ್ಲ." ಅಂದರೆ ಆ ಸೊನ್ನೆಗೆ ಬೆಲೆಯಿಲ್ಲ, ಕೆಲಸವಿದೆ: ದೇಶದೊಳಗಿಂದ ಬೇರೆ ಊರಿಗೆ ಕರೆ ಎಂಬ ಗುರುತು. ಭಟ್ಕಳ, ಹೊನ್ನಾವರ ಕೋಡ್‌ಗಳ ಸರಾಸರಿ ತೆಗೆಸಿದೆ. ಬಂದದ್ದು ಕುಮಟಾ! ಹೆದ್ದಾರಿಯಲ್ಲಿ ನಡುವೆ ಸಿಗುವುದು ಹೊನ್ನಾವರ ಎಂದು ದಿನವೂ ಬಸ್ಸು ನೋಡುವ ಮಕ್ಕಳಿಗೆ ಬಿಡಿಸಿ ಹೇಳಬೇಕಾಗಲಿಲ್ಲ.

ಪಾಠಯೋಜನೆಯಲ್ಲಿ ಇಲ್ಲದ್ದು ನಂತರ ನಡೆಯಿತು. ಒಬ್ಬ ಹುಡುಗಿ ಕನ್ನಡ ಕೀಲಿಮಣೆ ತೆರೆಸಿ ೧೮, ೧೭ ಎಂದು ಒತ್ತಿ ಕಳೆದಳು. ತೆರೆಯ ಮೇಲೆ ಎನ್‌ಎಎನ್, ಅಂದರೆ 'ಸಂಖ್ಯೆಯಲ್ಲ'.

"ನಮ್ಮದು ಸಂಖ್ಯೆ ಅಲ್ವಾ ಅಕ್ಕೋರೆ?"

ಯಾರೂ ನಗಲಿಲ್ಲ. ಪೈಥಾನ್ ತೆರೆದು ಅದೇ ೧೮ನ್ನು ಸಂಖ್ಯೆ ಮಾಡಲು ಹೇಳಿದೆ, 18 ಎಂದಿತು. ಅಂಕಿ ಎರಡು ಬಗೆ, ಸಂಖ್ಯೆ ಒಂದೇ. ಜಾವಾಸ್ಕ್ರಿಪ್ಟಿಗೆ ನಮ್ಮ ಅಂಕಿ ಓದಲು ಕಲಿಸಿಲ್ಲ, ಅಷ್ಟೇ. ಅವಳು ಎರಡನ್ನೂ ಅಕ್ಕಪಕ್ಕ ಬರೆದುಕೊಂಡಳು.

ಮರುದಿನ ವಿಂಗಡಿಸಲು ಕೊಟ್ಟೆ: ಹಾಜರಿ ನಂಬರು, ಪಿನ್‌ಕೋಡ್, ಮೀನಿನ ತೂಕ, ಚಪ್ಪಲಿ ಅಳತೆ. ಕೂಡಿದರೆ ಅರ್ಥವುಂಟೇ ಎಂಬುದೇ ಪರೀಕ್ಷೆ. ಮೊದಲ ಮೂರು ಬೇಗ ಮುಗಿದವು. ಚಪ್ಪಲಿ ಅಳತೆ 6 ಮತ್ತು 7ನ್ನು ಕೂಡಿದರೆ ಅರ್ಥವಿಲ್ಲ, ಆದರೂ 7 ದೊಡ್ಡದು. ಗಂಟೆ ಹೊಡೆದರೂ ಆ ಜಗಳ ಮುಗಿದಿರಲಿಲ್ಲ.