ಗಾಳಿಯಲ್ಲಿ ಬರೆದ ಕಾರು!

1971ರಲ್ಲಿ ಬಂದ ‘ಲೆ ಮಾನ್ಸ್’ ಚಿತ್ರ ನೋಡಿದ್ದೀರಾ? ಸ್ಟೀವ್ ಮೆಕ್‌ಕ್ವೀನ್ ಓಡಿಸುವ ಆ ಪೋರ್ಶೆ 917 ಕಾರು... ತಿಳಿನೀಲಿ ಮೈ, ನಡುವೆ ಕಿತ್ತಳೆ ಪಟ್ಟಿ! ಆ ಕಾರು ಈಗ ಉಡುಪಿಯಲ್ಲಿದೆ ಅಂದರೆ ನಂಬುತ್ತೀರಾ? ನಂಬಿ. ಒಂದು ಗ್ಯಾರೇಜಿನ ಹಿಂದಿನ ಕೋಣೆಯಲ್ಲಿ, ನಾಲ್ಕಡಿ ಅಗಲದ ಕ್ಯಾನ್ವಾಸ್ ಮೇಲೆ ನಿಂತಿದೆ. ಹಿಂದಿನ ಚಕ್ರ ಇನ್ನೂ ಬಂದಿಲ್ಲ, ಅಷ್ಟೆ.

ಬರೆಯುತ್ತಿರುವವರು ಒಂದು ಕಾಲದಲ್ಲಿ ಸಿನಿಮಾ ಬ್ಯಾನರ್ ಬರೆದವರು. ಹೆಸರು ಹಾಕುವುದು ಬೇಡ ಅಂದಿದ್ದಾರೆ, ಹಾಗಾಗಿ ನಾವೂ ‘ಪೇಂಟರ್’ ಅಂತಲೇ ಕರೆಯೋಣ. ಅಂಗೈಯಗಲದ ಸ್ಟಿಲ್ ಮೇಲೆ ಚೌಕ ಚೌಕ ಗೆರೆ ಎಳೆದು, ಅದೇ ಲೆಕ್ಕದಲ್ಲಿ ಇಪ್ಪತ್ತಡಿ ಬಟ್ಟೆಯ ಮೇಲೆ ಅಣ್ಣಾವ್ರ ಮೂಗು, ವಿಷ್ಣು ಕಣ್ಣು, ಶಂಕರ್‌ನಾಗ್ ಗಡ್ಡ ಎಬ್ಬಿಸಿದ ಕೈ ಅದು. (ಇದೇನು ಮಹಾ ಕೆಲಸ ಅಂತ ಮೂಗು ಮುರಿಯಬೇಡಿ. ಎಂ.ಎಫ್. ಹುಸೇನ್ ಕೂಡ ಬೊಂಬಾಯಿಯಲ್ಲಿ ಮೊದಲು ಹೊಟ್ಟೆ ಹೊರೆದದ್ದು ಸಿನಿಮಾ ಹೋರ್ಡಿಂಗ್ ಬರೆದೇ!) 2000ದ ಆಚೀಚೆ ಫ್ಲೆಕ್ಸ್ ಬಂತು. ನಾಲ್ಕು ದಿನದ ಕೆಲಸವನ್ನು ಮೆಷಿನ್ ನೋಡನೋಡುತ್ತಲೇ ಉಗುಳಿತು. ಬ್ಯಾನರ್ ಬರೆದ ಕೈಗಳು ನಂಬರ್ ಪ್ಲೇಟಿಗೆ, ಅಂಗಡಿ ಬೋರ್ಡಿಗೆ ಚದುರಿಹೋದವು. ನಮ್ಮ ಪೇಂಟರಿಗೆ ಸಿಕ್ಕಿದ್ದು ಗ್ಯಾರೇಜಿನ ಸ್ಪ್ರೇ ಗನ್. ಅಲ್ಲಿಂದ ಅದರ ಮರಿ, ಏರ್‌ಬ್ರಷ್.

ಈಗ ತಮಾಷೆ ಕೇಳಿ. ಈ ಕಾರಿನ ಚಿತ್ರಕ್ಕೆ ಆರ್ಡರ್ ಕೊಟ್ಟವನು ಮಣಿಪಾಲದ ಒಬ್ಬ ಕಾಲೇಜು ಹುಡುಗ. ಅವನದು ಒಂದೇ ಷರತ್ತು: “ಪ್ರಿಂಟ್ ಹೊಡೆದ ಹಾಗೇ ಇರಬೇಕು!”

“ಎಂತ ಹೇಳುದು ಮಾರಾಯ್ರೆ? ಯಾವ ಪ್ರಿಂಟು ನಮ್ಮ ಹೊಟ್ಟೆಗೆ ಹೊಡೀತೋ, ಅದರ ಹಾಗೇ ಬರೀಬೇಕಂತೆ,” ಅಂತ ಪೇಂಟರ್ ನಕ್ಕರು. ಆ ನಗು ಪೂರ್ತಿ ನಗುವಾಗಿರಲಿಲ್ಲ.

ಏರ್‌ಬ್ರಷ್ ಹೆಸರಿಗೆ ಮಾತ್ರ ಬ್ರಷ್, ಕೂದಲು ಒಂದೂ ಇಲ್ಲ. ದಪ್ಪ ಪೆನ್ನಿನಂಥ ಒಂದು ಪಿಚಕಾರಿ. 1890ರ ದಶಕದಲ್ಲಿ ಚಾರ್ಲ್ಸ್ ಬರ್ಡಿಕ್ ಎಂಬಾತ ಮಾಡಿದ ನಮೂನೆಯೇ ಇವತ್ತಿನದಕ್ಕೂ ಮೂಲ. ತೋರುಬೆರಳಿನ ಕೆಳಗೆ ಪುಟ್ಟ ಲಿವರ್: ಒತ್ತಿದರೆ ಗಾಳಿ, ಹಿಂದಕ್ಕೆ ಎಳೆದರೆ ಬಣ್ಣ. ಮೂತಿಯ ತೂತು ಅರ್ಧ ಮಿಲಿಮೀಟರಿಗಿಂತಲೂ ಸಣ್ಣದು, ಬಣ್ಣ ಹಾಲಿನಷ್ಟು ತೆಳ್ಳಗಿರಬೇಕು. ಹತ್ತಿರ ಹಿಡಿದರೆ ಕೂದಲೆಳೆಯ ಗೆರೆ, ದೂರ ಹಿಡಿದರೆ ಮಂಜು. ಬಟ್ಟೆಗೆ ತಾಗುವ ಮಾತೇ ಇಲ್ಲ! ಆದರೆ ಕ್ಯಾನ್ವಾಸಿನ ನೇಯ್ಗೆ ಇದಕ್ಕೆ ಶತ್ರು. ನೂಲಿನ ಉಬ್ಬುತಗ್ಗಿಗೆ ಸಿಕ್ಕಿ ಸಣ್ಣ ಗೆರೆ ಮುರಿದುಬಿಡುತ್ತದೆ. ಅದಕ್ಕೇ ಬಿಳಿ ಜೆಸ್ಸೊ ನಾಲ್ಕೈದು ಕೋಟು ಬಳಿದು, ಒಣಗಿಸಿ, ವಾಟರ್ ಪೇಪರ್ ಉಜ್ಜಿ ಉಜ್ಜಿ ಗಾಜಿನ ಹಾಗೆ ಮಾಡಿಕೊಳ್ಳಬೇಕು. ಗಡಸು ಅಂಚು ಬೇಕಾದ ಕಡೆ ತೆಳು ಫಿಲ್ಮ್ ಅಂಟಿಸಿ, ಬೇಕಾದಷ್ಟೇ ಕತ್ತರಿಸಿ ತೆಗೆದು ಹೊಡೆಯುವುದು. ಮೆತ್ತನೆಯ ಅಂಚು ಬೇಕಾದರೆ ಕಾಗದವನ್ನು ಬಟ್ಟೆಯಿಂದ ಸ್ವಲ್ಪ ಮೇಲೆ ಎತ್ತಿ ಹಿಡಿಯುವುದು. ಮೂಗಿಗೆ ಮಾಸ್ಕ್ ಇಲ್ಲದೆ ಕೂತರೆ ಅರ್ಧ ಕಾರು ಶ್ವಾಸಕೋಶದೊಳಗೇ ತಯಾರಾಗುತ್ತದೆ, ಹುಷಾರ್!

ಯಂತ್ರಕ್ಕೆ ಗಾಳಿಬಣ್ಣವೇ ಸರಿ ಅಂತ ಹಾಲಿವುಡ್ಡಿಗೂ ಗೊತ್ತಿತ್ತು. ‘ಸ್ಟಾರ್ ವಾರ್ಸ್’ ಚಿತ್ರದ 1978ರ ಒಂದು ಪೋಸ್ಟರನ್ನು ಇಬ್ಬರು ಹಂಚಿಕೊಂಡು ಬರೆದರು. ಮನುಷ್ಯರ ಮುಖಗಳು ಡ್ರೂ ಸ್ಟ್ರೂಜನ್ ಪಾಲಿಗೆ, ಯಂತ್ರಗಳು ಏರ್‌ಬ್ರಷ್ ಹಿಡಿದ ಚಾರ್ಲ್ಸ್ ವೈಟ್ ಪಾಲಿಗೆ.

ಉಡುಪಿಗೆ ಈ ವಿದ್ಯೆ ಹೊಸದಲ್ಲ ಬಿಡಿ. ಅಷ್ಟಮಿ, ವಿಟ್ಲಪಿಂಡಿಗೆ ಬಂದು ನೋಡಿ. ‘ಉಳಿದವರು ಕಂಡಂತೆ’ (2014) ಚಿತ್ರದಲ್ಲಿ ರಕ್ಷಿತ್ ಶೆಟ್ಟಿ ತೋರಿಸಿದ ಆ ಹುಲಿವೇಷದ ಹುಡುಗರು ಗಂಟೆಗಟ್ಟಲೆ ಕೈ ಚಾಚಿ ನಿಂತು ಮೈಗೆ ಬಣ್ಣ ಹಾಕಿಸಿಕೊಳ್ಳುತ್ತಾರೆ. ಈಗೀಗ ತಳದ ಹಳದಿಗೆ ಸ್ಪ್ರೇ ಹೊಡೆಯುವುದೂ ಉಂಟು. ಹೊಟ್ಟೆಯ ಬಿಳಿ ಎಲ್ಲಿ ಮುಗಿಯಿತು, ಬೆನ್ನಿನ ಹಳದಿ ಎಲ್ಲಿ ಶುರುವಾಯಿತು ಅಂತ ಗೊತ್ತೇ ಆಗಬಾರದು. ಕಾರಿನ ಬಾನೆಟ್ಟಿಗೂ ಅದೇ ಕೈಚಳಕ.

“ಮೈ ಬಂತು, ಹೊಳಪು ಬರ್ಲಿಲ್ಲ,” ಅಂದರು ಪೇಂಟರ್. ಭಾನುವಾರ ಅವರ ಹಳೇ ಸ್ಕೂಟರ್ ಹೊರಗೆ ಬಂತು. ಹಿಂದಿನ ಸೀಟು ನನಗೆ.

ಮೊದಲು ಮಣಿಪಾಲ. ಉಡುಪಿಯಿಂದ ಐದು ಕಿಲೋಮೀಟರ್ ಏರು. ಇಲ್ಲಿನ ಎಂ.ಐ.ಟಿ. ಇಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿಗಳು ‘ಫಾರ್ಮುಲಾ ಮಣಿಪಾಲ್’ ಎಂಬ ತಂಡ ಕಟ್ಟಿ, ತಾವೇ ಡಿಸೈನ್ ಮಾಡಿ, ತಾವೇ ಜೋಡಿಸಿ, ಒಂದೇ ಸೀಟಿನ ರೇಸ್ ಕಾರನ್ನು ಸ್ಪರ್ಧೆಗೆ ಇಳಿಸುತ್ತಾರೆ. ಆರ್ಡರ್ ಕೊಟ್ಟ ಹುಡುಗನ ಪುಣ್ಯದಿಂದ ಅಂಥದೊಂದು ಕಾರಿನ ಚಕ್ರವನ್ನು ಹತ್ತಿರದಿಂದ ನೋಡಿದೆವು. ಪೇಂಟರ್ ಮಂಡಿಯೂರಿ ಕೂತೇಬಿಟ್ಟರು. “ನೋಡಿ, ಟೈರು ಕಪ್ಪಲ್ಲ! ಬೂದಿ. ಅಂಚಿನಲ್ಲಿ ಸ್ವಲ್ಪ ನೀಲಿ ಕೂಡ ಉಂಟು.” ಅಚ್ಚ ಕಪ್ಪು ಹೊಡೆದರೆ ಚಿತ್ರದಲ್ಲಿ ಟೈರಿನ ಬದಲು ತೂತು ಕಾಣುತ್ತದಂತೆ. ಕಪ್ಪನ್ನು ಬಾಟಲಿಯಿಂದ ನೇರ ಸುರಿಯುವವನು ಪೇಂಟರೇ ಅಲ್ಲ ಅನ್ನುವುದು ಅವರ ತೀರ್ಪು.

ಅದೇ ಮಣಿಪಾಲದಲ್ಲಿ ಕೆ.ಕೆ. ಹೆಬ್ಬಾರರ ಹೆಸರಿನ ಗ್ಯಾಲರಿ ಇದೆ. 1911ರಲ್ಲಿ ಉಡುಪಿ ಹತ್ತಿರದ ಕಟ್ಟಿಂಗೇರಿಯಲ್ಲಿ ಹುಟ್ಟಿ, 1989ರಲ್ಲಿ ಪದ್ಮಭೂಷಣ ಪಡೆದ ಮಹಾನುಭಾವರು. ಅವರು ಗೆರೆಯ ರಾಜ. ಏರ್‌ಬ್ರಷ್ಷಿಗೋ ಗೆರೆಯೇ ಬೇಡ! ಆದರೂ ಗೆರೆ ಬಾರದವನ ಕೈಗೆ ಏರ್‌ಬ್ರಷ್ ಕೊಟ್ಟರೆ ಬರುವುದು ಬರೀ ಹೊಗೆ, ನನ್ನ ಮಾತು ಬರೆದಿಟ್ಟುಕೊಳ್ಳಿ.

ಮಣಿಪಾಲದ ಗುಡ್ಡ ಇಳಿದು, ಉಡುಪಿ ದಾಟಿ, ಹೆದ್ದಾರಿಯಲ್ಲಿ ತೆಂಕಕ್ಕೆ ತಿರುಗಿದರೆ ಕಾಪು. ಬಂಡೆಯ ಮೇಲೆ 1901ರಲ್ಲಿ ಕಟ್ಟಿದ, 27 ಮೀಟರ್ ಎತ್ತರದ ದೀಪಸ್ತಂಭ. ಜನರೆಲ್ಲ ಅದನ್ನು ನೋಡುತ್ತಿದ್ದರೆ, ಪೇಂಟರ್ ಅದಕ್ಕೆ ಬೆನ್ನು ಹಾಕಿ ಅಲ್ಲಿ ನಿಲ್ಲಿಸಿದ್ದ ಯಾರದೋ ಕಾರನ್ನು ನೋಡುತ್ತಿದ್ದರು! ನಾನೂ ಬಗ್ಗಿದೆ. ಬಾಗಿಲಿನ ಉಬ್ಬಿನಲ್ಲಿ ಇಡೀ ದೀಪಸ್ತಂಭ ಬಾಳೆಹಣ್ಣಿನ ಹಾಗೆ ಬಾಗಿತ್ತು. ಅದರ ಮೇಲೆ ಆಕಾಶ, ಕೆಳಗೆ ಮರಳು, ನಡುವೆ ಸಮುದ್ರ ಒಂದು ಕಪ್ಪು ಪಟ್ಟಿ.

ಹೊಳಪಿನ ಗುಟ್ಟು ಇದೇ, ಮಿತ್ರರೇ. ಹೊಳೆಯುವ ಕಾರಿನ ಮೈ ಒಂದು ಸೊಟ್ಟ ಕನ್ನಡಿ. ಮೇಲ್ಮುಖದಲ್ಲಿ ಆಕಾಶ ಇಳಿಯುತ್ತದೆ, ಪಕ್ಕದಲ್ಲಿ ನೆಲ ಏರುತ್ತದೆ, ಎರಡೂ ಸಂಧಿಸುವಲ್ಲಿ ಗಡಸು ಅಂಚು ಬೀಳುತ್ತದೆ. ಆ ಅಂಚಿಗೆ ಫಿಲ್ಮ್ ಅಂಟಿಸಬೇಕು, ಉಳಿದದ್ದನ್ನು ಮಂಜಿನ ಹಾಗೆ ಕರಗಿಸಬೇಕು. ಬರೀ ನೀಲಿ ಹೊಡೆದು ಬಿಳಿ ಚುಕ್ಕೆ ಇಟ್ಟರೆ ಅದು ಪ್ಲಾಸ್ಟಿಕ್ ಆಟಿಕೆ.

ಪೇಂಟರ್ ತುಂಬಾ ಹೊತ್ತು ಸುಮ್ಮನಿದ್ದರು. ಆಮೇಲೆ ಅಂದರು, “ಆ ಹುಡುಗ ಕೊಟ್ಟ ಫೋಟೋದಲ್ಲಿ ಫ್ರಾನ್ಸಿನ ಆಕಾಶ ಉಂಟು. ನಾನು ಯಾಕೆ ಅದನ್ನು ಬರೀಬೇಕು? ನನ್ನ ಕಾರಿಗೆ ಕಾಪುವಿನ ಆಕಾಶ ಸಾಕು.”

ಶಿರ್ವ, ಬೆಳ್ಮಣ್ ದಾರಿಯಲ್ಲಿ ಕಾರ್ಕಳಕ್ಕೆ ಹೋದೆವು. 1432ರ ಗೊಮ್ಮಟನಿಗೆ ದೂರದಿಂದಲೇ ಕೈಮುಗಿದು ನೇರ ಮಿಯ್ಯಾರಿಗೆ! ಅಲ್ಲಿ ಲವ-ಕುಶ ಜೋಡುಕರೆ ಕಂಬಳ. ‘ಕಾಂತಾರ’ (2022) ನೋಡಿದ ಮೇಲೆ ಕಂಬಳ ಅಂದರೇನು ಅಂತ ನಿಮಗೆ ಹೇಳಿಕೊಡಬೇಕಾಗಿಲ್ಲ. ಆದರೆ ಪೇಂಟರ್ ಕಾದಿದ್ದು ಕನೆಹಲಗೆಗೆ. ಇದರಲ್ಲಿ ಯಾರು ಮೊದಲು ಮುಟ್ಟಿದರು ಅನ್ನುವ ಲೆಕ್ಕ ಇಲ್ಲ, ನೀರು ಎಷ್ಟು ಎತ್ತರ ಚಿಮ್ಮಿತು ಅನ್ನುವುದೇ ಲೆಕ್ಕ. ಓಡಿಸುವವನು ಹಲಗೆಯ ಮೇಲೆ ಕಾಲೂರಿ ನಿಲ್ಲುತ್ತಾನೆ. ಕೋಣಗಳು ನುಗ್ಗಿದಾಗ ಹಲಗೆಯ ತೂತಿನಿಂದ ಕೆಸರುನೀರು ಬಾಣದ ಹಾಗೆ ಏರಿ, ಆರೂವರೆ ಕೋಲು ಎತ್ತರಕ್ಕೆ ಕಟ್ಟಿದ ನಿಶಾನೆ ಬಟ್ಟೆಗೆ ಬಡಿಯಬೇಕು!

“ತೂತು, ಒತ್ತಡ, ನೀರು... ಇದೇ ಏರ್‌ಬ್ರಷ್ ಅಲ್ವಾ ಮಾರಾಯ್ರೆ!” ಪೇಂಟರ್ ಕುಣಿಯುವುದೊಂದು ಬಾಕಿ. ನೀರು ಬುಡದಲ್ಲಿ ಗಟ್ಟಿ, ನಡುವೆ ನೂಲು ನೂಲು, ತುದಿಯಲ್ಲಿ ಬರೀ ಹೊಗೆ. ಬಾಕಿ ಉಳಿದ ಆ ಹಿಂದಿನ ಚಕ್ರ ಒದ್ದೆ ರಸ್ತೆಯ ಮೇಲೆ ಓಡುತ್ತದೆ, ಅದರ ಹಿಂದೆ ಏಳುವ ನೀರು ಮಿಯ್ಯಾರಿನ ನೀರು ಅಂತ ಅಲ್ಲೇ ತೀರ್ಮಾನವಾಯಿತು.

ಕೆಲಸವನ್ನು ಮಳೆಗಾಲಕ್ಕೆ ಮೊದಲು ಮುಗಿಸಬೇಕು. ಕರಾವಳಿಯ ಮಳೆಗಾಳಿಯಲ್ಲಿ ಕಂಪ್ರೆಸರಿನೊಳಗೆ ನೀರು ಕೂತು, ಒಂದು ಹನಿ ಉಗುಳಿದರೂ ತಿಂಗಳ ಶ್ರಮ ಮಣ್ಣುಪಾಲು.

“ಪೇಂಟ್ರೇ, ಹುಡುಗ ಒಪ್ಪದಿದ್ರೆ? ಅವನಿಗೆ ಪ್ರಿಂಟಿನ ಹಾಗೆ ಬೇಕಲ್ಲ?” ಅಂತ ಕೇಳಿದೆ.

“ಮತ್ತೆಂತ? ಪ್ರಿಂಟಿನ ಅಂಗಡಿಗೆ ದಾರಿ ತೋರಿಸುದು,” ಅಂದರು ಸ್ಕೂಟರಿಗೆ ಕಿಕ್ ಹೊಡೆಯುತ್ತಾ. “ಉಡುಪಿಯಲ್ಲಿ ಬೇಕಾದಷ್ಟು ಉಂಟು.”